ಒಂದು ರೆಸಿಸ್ಟರ್ ಬದಲಾಯಿಸಿದರೆ ಸಾಕು ಅಂದುಕೊಂಡಿದ್ದೆ

ಐಸಿ ಕಂಪನಿಯವರು ಮಾದರಿಗೆಂದು ಕೊಡುವ ಪವರ್ ಸಪ್ಲೈ ಬೋರ್ಡ್ (ಇವ್ಯಾಲ್ಯುಯೇಷನ್ ಬೋರ್ಡ್) ಚೆನ್ನಾಗಿಯೇ ಇತ್ತು. 230 ವೋಲ್ಟ್ ಕೊಟ್ಟರೆ 12 ವೋಲ್ಟ್, 2 ಆಂಪ್. ಸಾದಾ ಫ್ಲೈಬ್ಯಾಕ್, ಅಂದರೆ ಟ್ರಾನ್ಸ್‌ಫಾರ್ಮರ್‌ನಲ್ಲಿ ಶಕ್ತಿ ತುಂಬಿಸಿ ಆಮೇಲೆ ಔಟ್‌ಪುಟ್‌ಗೆ ಬಿಡುವ ಸರ್ಕ್ಯೂಟ್. ಪೀಣ್ಯದ ಗಿರಾಕಿಯೊಬ್ಬರಿಗೆ 4 ಆಂಪ್ ಬೇಕಿತ್ತು. "ಎರಡರಷ್ಟು ತಾನೆ? ಎರಡು ದಿನ ಕೊಡಿ ಸಾರ್" ಅಂದುಬಿಟ್ಟೆ.

ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ (ಮೇನ್ಸ್ ಕಡೆಯ ಸುತ್ತು) ಕರೆಂಟ್ ಎಷ್ಟರವರೆಗೆ ಏರಬಹುದೆಂದು ಲಿಮಿಟ್ ಹಾಕುವ ಕರೆಂಟ್ ಸೆನ್ಸ್ ರೆಸಿಸ್ಟರ್ 1 ಓಮ್ ಇತ್ತು, ಅರ್ಧ ಓಮ್ ಹಾಕಿದೆ; ಲಿಮಿಟ್ 1 ಆಂಪ್‌ನಿಂದ 2 ಆಂಪ್‌ಗೆ ಏರಿತು. ಏನಾದರೂ ಶಾರ್ಟ್ ಆದರೆ ಕರೆಂಟ್ ತಡೆಯಲಿ ಅಂತ ಮೇನ್ಸ್‌ಗೆ 100 ವ್ಯಾಟ್ ಸೀರೀಸ್ ಬಲ್ಬ್ ಕಟ್ಟಿ ಸ್ವಿಚ್ ಒತ್ತಿದೆ. ಟಪ್ ಅಂತ ಸಣ್ಣ ಸದ್ದು. ಬಲ್ಬ್ ಒಮ್ಮೆ ಝಗ್ಗನೆ ಉರಿದು ಆರಿತು. ಕೆಪ್ಯಾಸಿಟರ್ ಚಾರ್ಜ್ ಆಗುವಾಗಲೂ ಬಲ್ಬ್ ಹಾಗೇ ಮಿಂಚಿ ಆರುತ್ತದೆ, ಅದಕ್ಕೇ ಖುಷಿಪಟ್ಟೆ. ಔಟ್‌ಪುಟ್‌ನಲ್ಲಿ ಮಾತ್ರ ಸೊನ್ನೆ.

ಪ್ಲಗ್ ಕಿತ್ತು ಮೀಟರ್ ಹಿಡಿದೆ. ಮೇನ್ಸ್ ಕಡೆಯ ದೊಡ್ಡ ಕೆಪ್ಯಾಸಿಟರ್ (ಬಲ್ಕ್ ಕೆಪ್ಯಾಸಿಟರ್) ಮೇಲೆ ಇನ್ನೂ 300 ವೋಲ್ಟ್ ದಾಟಿ ಕೂತಿತ್ತು! ಸ್ವಿಚ್ ಕೆಲಸ ಮಾಡುವ ಮಾಸ್‌ಫೆಟ್ ಶಾರ್ಟ್, ಸೆನ್ಸ್ ರೆಸಿಸ್ಟರ್ ಸಿಡಿದು ಓಪನ್. ಕರೆಂಟ್ ಹರಿಯಲು ದಾರಿಯೇ ಇಲ್ಲ, ಬಲ್ಬ್ ಆರದೆ ಇನ್ನೇನು? ಬೆರಳು ಇಟ್ಟಿದ್ದರೆ ಈ ಬರಹ ಇಷ್ಟು ತಮಾಷೆಯಾಗಿ ಇರುತ್ತಿರಲಿಲ್ಲ. 10 ಕೆ ಓಮ್‌ನ ದಪ್ಪ ರೆಸಿಸ್ಟರ್ ಹಿಡಿದು ಖಾಲಿ ಮಾಡಿದೆ.

ಲೆಕ್ಕ ಹಾಕಿದ್ದು ಆಮೇಲೆ. ಶುರುವಿನಲ್ಲಿ ಔಟ್‌ಪುಟ್ ಕೆಪ್ಯಾಸಿಟರ್‌ಗಳು ಖಾಲಿ, ಹಾಗಾಗಿ ಮಾಸ್‌ಫೆಟ್ ನಡೆಸುವ ಐಸಿ ಪ್ರತಿ ಪಲ್ಸ್‌ನಲ್ಲೂ ಲಿಮಿಟ್ ಮುಟ್ಟುವವರೆಗೆ ಕರೆಂಟ್ ಏರಿಸುತ್ತದೆ. ಬೋರ್ಡ್‌ನ ಟ್ರಾನ್ಸ್‌ಫಾರ್ಮರ್ ಕೋರ್ (ತಂತಿ ಸುತ್ತುವ ಫೆರೈಟ್ ತುಂಡು) ಇಇ25 ಸೈಜ್, ಪ್ರೈಮರಿ 80 ಸುತ್ತು, 1 ಮಿಲಿಹೆನ್ರಿ. 1 ಆಂಪ್‌ಗೆ ಕೋರ್‌ನೊಳಗಿನ ಕಾಂತಕ್ಷೇತ್ರ ಸುಮಾರು 0.24 ಟೆಸ್ಲಾ, ತೊಂದರೆ ಇಲ್ಲ. 2 ಆಂಪ್‌ಗೆ 0.48. ಬಿಸಿಯಾದ ಫೆರೈಟ್ 0.3 ದಾಟಿದರೇ ಭಯ. ಸ್ಯಾಚುರೇಟ್ ಆದ ಮೇಲೆ, ಅಂದರೆ ಕೋರ್ ಇನ್ನಷ್ಟು ಕಾಂತ ಹಿಡಿಯಲಾರದಾದ ಮೇಲೆ, ಅದು ಟ್ರಾನ್ಸ್‌ಫಾರ್ಮರ್ ಅಲ್ಲ, ಸುಮ್ನೆ ಸುತ್ತಿಟ್ಟ ತಂತಿ.

ಇನ್ನೂ ದೊಡ್ಡದಾದ ಈಟಿಡಿ34 ಕೋರ್ ಹಿಡಿದು ವೈಂಡಿಂಗ್ ಮಾಡುವ ಅಣ್ಣನ ಹತ್ತಿರ ಹೋದೆ. ಪ್ರೈಮರಿ 50 ಸುತ್ತು, ಸೆಕೆಂಡರಿ 6. ಅವರು ಪ್ರೈಮರಿಯ 25 ಸುತ್ತು ಹಾಕಿ, ಮೇಲೆ ಸೆಕೆಂಡರಿ, ಅದರ ಮೇಲೆ ಉಳಿದ 25 ಸುತ್ತಿದರು. ಲೀಕೇಜ್ (ಸೆಕೆಂಡರಿಗೆ ತಲುಪದೆ ಉಳಿಯುವ ಕಾಂತಪ್ರವಾಹ) ಕಮ್ಮಿ ಆಗಲಿ ಅಂತ. ಇನ್ನು ಉಳಿದದ್ದು ಕೋರ್‌ನ ಎರಡು ಹೋಳುಗಳ ನಡುವೆ ಬಿಡುವ ಗ್ಯಾಪ್.

"ಗ್ಯಾಪ್ ಎಷ್ಟು ಸಾರ್?"

"ಪಾಯಿಂಟ್ ಆರು ಮಿಲಿಮೀಟರ್, ಅಣ್ಣಾ."

"ಕೋರ್‌ನ ಎರಡೂ ಹೊರಗಾಲಿಗೆ ಪೇಪರ್ ಇಡ್ತೀನಲ್ಲ, ನಡುಗಾಲಲ್ಲೂ ಅಷ್ಟೇ ಬಿಡುತ್ತೆ. ಪಾಯಿಂಟ್ ಮೂರೇ ಸಾಕು."

ನಾನು ಪೂರ್ತಿ 0.6ರ ಪೇಪರನ್ನೇ ಕತ್ತರಿಸಿ ಒಯ್ದಿದ್ದೆ. ಅವರು ಅರ್ಧ ತೆಗೆದು, ಕೋರ್ ಒತ್ತಿ ಹಿಡಿದು, ಮೀಟರ್ ನನ್ನತ್ತ ತಿರುಗಿಸಿದರು. 510 ಮೈಕ್ರೋಹೆನ್ರಿ. ನನಗೆ ಬೇಕಿದ್ದದ್ದು 500.

ಉಳಿದದ್ದೆಲ್ಲ ಅದರ ಹಿಂದೆಯೇ ಬಂತು. ಬಲ್ಕ್ ಕೆಪ್ಯಾಸಿಟರ್ 47ರಿಂದ 100 ಮೈಕ್ರೋಫ್ಯಾರಡ್. ಔಟ್‌ಪುಟ್ ಡಯೋಡ್‌ಗೆ ರಿವರ್ಸ್‌ನಲ್ಲಿ 57 ವೋಲ್ಟ್ ಬೀಳಬಹುದು, ಹಾಗಾಗಿ 60 ವೋಲ್ಟಿನದು ಬಿಟ್ಟು 100 ವೋಲ್ಟಿನ ಶಾಟ್ಕಿ ಡಯೋಡ್. ಪೆಟ್ಟಿಗೆ ಮಾತ್ರ ಹಳೆಯದೇ.

ಲೋಡ್‌ಗೆ ಮೊದಲು ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಸಿಕ್ಕಿಸಿದೆ. ತಣ್ಣಗಿರುವ ಫಿಲಮೆಂಟ್ ವಿಪರೀತ ಕರೆಂಟ್ ಎಳೆಯುತ್ತದೆ, ಸಪ್ಲೈ ಆನ್ ಆಗುತ್ತ ಆಫ್ ಆಗುತ್ತ ಬಿಕ್ಕಳಿಸತೊಡಗಿತು. ಆಮೇಲೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಎರಡನ್ನು ಒಂದಾದ ಮೇಲೊಂದು ಹಚ್ಚಿದೆ. 11.9 ವೋಲ್ಟ್, ಅಲುಗಾಡಲಿಲ್ಲ. ಅರ್ಧ ಗಂಟೆಯಾದರೂ ಟ್ರಾನ್ಸ್‌ಫಾರ್ಮರ್ ಬರೀ ಬೆಚ್ಚಗೆ. ಡಯೋಡ್ ಮಾತ್ರ ಸುಡುತ್ತಿತ್ತು. ದೊಡ್ಡ ಹೀಟ್‌ಸಿಂಕ್ ಹಾಕಿದೆ. ಗಿರಾಕಿಯ ಪೆಟ್ಟಿಗೆಯ ಮುಚ್ಚಳ ಈಗ ಮುಚ್ಚುತ್ತಿಲ್ಲ.