ಆರ್ಮ್‌ಸ್ಟ್ರಾಂಗ್ ತೋಪು: 39ನೇ ಗ್ರೂವ್

ನಾನು ಮಾಡುತ್ತಿರುವ ಆರ್ಮ್‌ಸ್ಟ್ರಾಂಗ್ ತೋಪಿನ ಪುಟ್ಟ ಮಾದರಿಗೆ ಅಂತೂ ಬೋರ್ (ನಳಿಗೆಯ ಒಳತೂತು) ಮುಗಿಯಿತು. ಎರಡನೆಯದು. ಮೊದಲನೆಯದು ಈಗ ಮೇಜಿನ ಮೇಲೆ ಒಂದೇ ಪೆನ್ನು ಹಿಡಿಸುವ ಪೆನ್ ಸ್ಟ್ಯಾಂಡ್.

ಚಕ್ರ, ಗಾಡಿ, ಲೇತ್ ಮೇಲಿನ ಹೊರ ಕೆಲಸ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ನನ್ನ ತಲೆ ತಿಂದದ್ದು ಒಳಗಿನ ಗ್ರೂವ್‌ಗಳು, ಅಂದರೆ ಬೋರಿನ ಒಳಮೈಯಲ್ಲಿ ಸುರುಳಿಯಾಗಿ ಸಾಗುವ ಸಣ್ಣ ಕಾಲುವೆಗಳು. 1854ರಲ್ಲಿ ಕ್ರಿಮಿಯನ್ ಯುದ್ಧದ ಇಂಕರ್‌ಮನ್ ಕದನದಲ್ಲಿ ಭಾರದ ತೋಪುಗಳನ್ನು ಎಳೆದು ತರಲು ಬ್ರಿಟಿಷ್ ಸೈನಿಕರು ಪಟ್ಟ ಪಾಡನ್ನು ಕೇಳಿ ಇಂಗ್ಲಿಷ್ ಎಂಜಿನಿಯರ್ ವಿಲಿಯಂ ಆರ್ಮ್‌ಸ್ಟ್ರಾಂಗ್ ಹಗುರವಾದ ತೋಪಿನ ಯೋಚನೆಗೆ ಬಿದ್ದ. ಅವನ 12 ಪೌಂಡರಿನ (ಸುಮಾರು 12 ಪೌಂಡ್ ತೂಕದ ಗುಂಡಿನ ತೋಪು) ಬೋರ್ 3 ಇಂಚು. ಅದರೊಳಗೆ 38 ಗ್ರೂವ್! ಗುಂಡಿನ ಮೈಗೆ ಸೀಸದ ಅಂಗಿ, ಬೋರಿಗಿಂತ ಒಂಚೂರು ದಪ್ಪ. ಹಿಂದಿನಿಂದ ತುಂಬಿ ಹಾರಿಸಿದರೆ ಸೀಸ ಗ್ರೂವ್‌ಗಳಿಗೆ ಕಚ್ಚಿಕೊಂಡು ಗುಂಡು ಗಿರಗಿರ ತಿರುಗುತ್ತಾ ಹೊರಡುತ್ತದೆ. ಹಳೆಯ ತೋಪುಗಳ ಹಾಗೆ ಸಂದಿಯಲ್ಲಿ ಹೊಗೆ ಸೋರುವುದಿಲ್ಲ.

ಅವನಿಗೇನೋ ಸರಿ. ನನ್ನದು ಎಂಟನೇ ಒಂದು ಅಳತೆ. ಬೋರ್ 9.5 ಮಿ.ಮೀ. ಒಂದು ಗ್ರೂವ್, ಪಕ್ಕದ ದಿಂಡು ಎರಡೂ ಸೇರಿ 0.8 ಮಿ.ಮೀ. ಕೂಡ ಸಿಗುವುದಿಲ್ಲ. ಒಂದೊಂದಕ್ಕೂ ಕಟರನ್ನು ನಾಲ್ಕು ಸಲ ಎಳೆಯಬೇಕು. ಒಟ್ಟು 152 ಎಳೆತ.

ನಳಿಗೆಯನ್ನು ಸಮ ಭಾಗಗಳಾಗಿ ತಿರುಗಿಸಿ ನಿಲ್ಲಿಸುವ ಡಿವೈಡಿಂಗ್ ಹೆಡ್ಡಿಗೆ 19 ತೂತಿನ ಪ್ಲೇಟ್ ಕೇಳಿದ್ದೆ. ಮೂರು ವಾರ ಕಾಯಿಸಿ ಅಂಗಡಿಯವನು ಕಳಿಸಿದ್ದು 38ರದ್ದು. 'ಡಬಲ್ ಇದೆಯಲ್ಲಾ ಸಾರ್, ಇನ್ನೂ ಒಳ್ಳೇದು' ಅಂದ. ಲೆಕ್ಕ ಸರಿಯೇ. ಹ್ಯಾಂಡಲ್ 40 ಸುತ್ತಿದರೆ ನಳಿಗೆ ಒಂದು ಸುತ್ತು; ಹಾಗಾಗಿ ಒಂದೊಂದು ಗ್ರೂವಿಗೆ ಹ್ಯಾಂಡಲ್ ಒಂದು ಪೂರ್ತಿ ಸುತ್ತು, ಮೇಲೆ ಎರಡು ತೂತು. ಮೊದಲ ಬೋರನ್ನು ಎರಡು ಭಾನುವಾರ ಎಳೆದೆ. 38 ಮುಗಿಸಿ ಟಾರ್ಚ್ ಬಿಟ್ಟು ನೋಡಿದರೆ ಇನ್ನೂ ಒಂದು ಗ್ರೂವಿಗೆ ಜಾಗ ಖಾಲಿ!

ಕಟರನ್ನು ಬೈದೆ. ಪ್ಲೇಟನ್ನು ಬೈದೆ. ಅಂಗಡಿಯವನನ್ನು ಜಾಸ್ತಿಯೇ ಬೈದೆ. ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು: ಹ್ಯಾಂಡಲ್ಲಿನ ಪಿನ್ನು ನಿಂತಿದ್ದ ತೂತನ್ನೂ ನಾನು ಎಣಿಸಿದ್ದೆ. ಎರಡು ಅಂದುಕೊಂಡು ಪ್ರತಿ ಸಲ ಒಂದೇ ತೂತು ಮುಂದೆ ಹೋಗಿದ್ದೆ. ಆ ಲೆಕ್ಕಕ್ಕೆ ಬರುವುದೇ ಹೆಚ್ಚುಕಡಿಮೆ 39. ಪ್ರತಿ ಸಲ ತೂತು ಎಣಿಸುವುದನ್ನು ತಪ್ಪಿಸುವ ಸೆಕ್ಟರ್ ಆರ್ಮ್ ಡಬ್ಬಿಯಲ್ಲೇ ಮಲಗಿತ್ತು, ಇದಕ್ಕೆಲ್ಲ ಯಾಕೆ ಅಂತ ತೆಗೆದೇ ಇರಲಿಲ್ಲ.

ಈ ಸಲ ಹಾಕಿದೆ. ಮುಗಿದ ಮೇಲೆ ಮೀನು ಗಾಳದ ಸೀಸವನ್ನು ದುಂಡಗೆ ಮಾಡಿ ಕಡ್ಡಿಯಿಂದ ಒಳಗೆ ತಳ್ಳಿದೆ. ಮೆಲ್ಲಗೆ ತಿರುಗುತ್ತಾ ಬಂತು. ಪೂರ್ತಿ ಒಂದು ಸುತ್ತಲ್ಲ. ಅಸಲಿ ತೋಪಿನ ತಿರುವೇ 114 ಇಂಚಿಗೆ ಒಂದು ಸುತ್ತು, ತೋಪು ಅಷ್ಟು ಉದ್ದವೇ ಇಲ್ಲ. ಸೀಸದ ಮೈಮೇಲಿನ ಗೆರೆಗಳನ್ನು ಮಸೂರ ಹಿಡಿದು ಎಣಿಸಿದೆ: 38. ಮಗಳ ಕೈಲೂ ಎಣಿಕೆ ಮಾಡಿಸಿದೆ, ನನ್ನ ಎಣಿಕೆಯನ್ನು ಈಗ ನಾನೇ ನಂಬುವುದಿಲ್ಲ.

ಮುಂದಿನದು ಮಾತ್ರ 1871ರ 9 ಪೌಂಡರ್. ಹಿಂದಿನಿಂದ ತುಂಬುವ ತೋಪಿನ ರಗಳೆ, ಖರ್ಚು ಸಾಕೆಂದು ಬ್ರಿಟಿಷರು ಮತ್ತೆ ಬಾಯಿಂದ ತುಂಬುವುದಕ್ಕೆ ಮರಳಿದ ಕಾಲದ್ದು. ಅದರಲ್ಲಿ ಮೂರೇ ಗ್ರೂವ್. ಹಿತ್ತಾಳೆ ತಂದೂ ಆಯಿತು.

ಅದಕ್ಕೆ ಮುಂಚೆ ಇದರ ವೆಂಟ್ ಪೀಸ್ (ನಳಿಗೆಯ ಹಿಂಬದಿ ಮುಚ್ಚುವ ತುಂಡು) ಕೂರಬೇಕು. ಮೇಲಿನಿಂದ ಇಳಿಸಿ ಹಿಂದಿನ ಸ್ಕ್ರೂ ಬಿಗಿದರೆ ಒಂದು ಕಡೆ ಬೆಳಕು ಕಾಣುತ್ತಿದೆ. ನಾಳೆ ಅರ.