ಮಂಗನ ಕಾಯಿಲೆಯ ವೈರಸ್ ಪ್ಲಸ್, ರೇಬೀಸ್ ಮೈನಸ್: ಹೇಗೆ?

ಆರ್‌ಎನ್‌ಎ ವೈರಸ್ ಯಾವ ಗುಂಪಿನದು ಎಂದು ತಿಳಿಯಲು ಮೊದಲು ನೋಡಬೇಕಾದದ್ದು ಇಷ್ಟೇ: ಅದರ ಆರ್‌ಎನ್‌ಎಯನ್ನು ನಮ್ಮ ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್ ನೇರವಾಗಿ ಓದುತ್ತದೆಯೇ? ಜೀನೋಮ್‌ನಿಂದ (ವೈರಸ್‌ನ ಪೂರ್ಣ ಆನುವಂಶಿಕ ಮಾಹಿತಿ) ಎಂಆರ್‌ಎನ್‌ಎವರೆಗಿನ (ರೈಬೋಸೋಮ್ ಓದುವ ಪ್ರತಿ) ದಾರಿ ಯಾವುದು ಎಂಬುದನ್ನೇ ಆಧಾರವಾಗಿಟ್ಟುಕೊಂಡು 1971ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಬಾಲ್ಟಿಮೋರ್ ವೈರಸ್‌ಗಳನ್ನು ವಿಂಗಡಿಸಿದರು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ 4ನೇ ಗುಂಪಿನದು, ಅಂದರೆ ಪ್ಲಸ್ ಎಳೆ. ಸುಮಾರು 11,000 ನ್ಯೂಕ್ಲಿಯೊಟೈಡ್‌ಗಳ ಆ ಒಂಟಿ ಎಳೆಯೇ ಎಂಆರ್‌ಎನ್‌ಎ ಆಗಿ ಕೆಲಸ ಮಾಡುತ್ತದೆ. ರೈಬೋಸೋಮ್ ಅದನ್ನು ಓದಿ ಒಂದೇ ಉದ್ದನೆಯ ಪ್ರೋಟೀನ್ ಕಟ್ಟುತ್ತದೆ. ಅದು ತುಂಡಾಗಿ, ವೈರಸ್‌ನ ಮೈಗೆ ಬೇಕಾದ 3 ಪ್ರೋಟೀನ್‌ಗಳೂ ನಕಲು ತೆಗೆಯುವುದೂ ಸೇರಿದಂತೆ ಉಳಿದ ಕೆಲಸಗಳ 7 ಪ್ರೋಟೀನ್‌ಗಳೂ ಸಿಗುತ್ತವೆ. ಡೆಂಗಿ, ಪೋಲಿಯೊ, ಕೊರೊನಾ ಕೂಡ ಇದೇ ಗುಂಪಿನವು. ಪೋಲಿಯೊ ವೈರಸ್‌ನ ಶುದ್ಧ ಆರ್‌ಎನ್‌ಎ ಒಂದನ್ನೇ ಕೋಶದೊಳಗೆ ಸೇರಿಸಿದರೂ ಹೊಸ ವೈರಸ್ ಹುಟ್ಟುತ್ತದೆ.

ರೇಬೀಸ್‌ನಲ್ಲಿ ಹಾಗಾಗುವುದಿಲ್ಲ. ಅದು 5ನೇ ಗುಂಪು, ಮೈನಸ್ ಎಳೆ, ಅಂದರೆ ಪ್ಲಸ್‌ಗೆ ಪೂರಕವಾದ ಎಳೆ. ರೈಬೋಸೋಮ್‌ಗೆ ಬೇಕಾದ ಪ್ಲಸ್ ಪ್ರತಿಯನ್ನು ಮೊದಲು ತಯಾರಿಸಬೇಕು. ಅದಕ್ಕೆ ಬೇಕಾದ ಕಿಣ್ವ ಕೋಶದಲ್ಲಿ ಸಿಗದು. ಹಾಗಾಗಿ ವೈರಸ್ ಆ ಕಿಣ್ವವಾದ ತನ್ನ ಎಲ್ ಪ್ರೋಟೀನನ್ನು ಕಣದೊಳಗೇ ಹೊತ್ತು ಬರುತ್ತದೆ. 8 ತುಂಡುಗಳ ಇನ್‌ಫ್ಲುಯೆಂಜಾ ಕೂಡ ಮೈನಸ್ಸೇ. ರೋಟಾವೈರಸ್ 3ನೇ ಗುಂಪು, 11 ಜೋಡಿ ಎಳೆಗಳು.

ವಿದ್ಯಾರ್ಥಿಗಳು ಎಡವುವುದು ಎಚ್‌ಐವಿಯಲ್ಲಿ. ಅದರದ್ದೂ ಪ್ಲಸ್ ಎಳೆಯೇ, ಕಣವೊಂದರಲ್ಲಿ ಎರಡು ಪ್ರತಿ. ಆದರೂ ಅದು 6ನೇ ಗುಂಪು, ಏಕೆಂದರೆ ಆ ಎಳೆ ಮೊದಲು ಡಿಎನ್‌ಎ ಆಗಬೇಕು. ಎಳೆಯ ಚಿಹ್ನೆಯೊಂದನ್ನೇ ನೋಡಿದರೆ ಸಾಲದು.

ಪ್ರಯೋಗಾಲಯದಲ್ಲಿ ಈ ತಿಳಿವಳಿಕೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಪ್ಲಸ್ ವೈರಸ್ ವೃದ್ಧಿಯಾಗುವಾಗ ಮಾತ್ರ ಮೈನಸ್ ಎಳೆ ತಯಾರಾಗುತ್ತದೆ. ಆದ್ದರಿಂದ ಅಂಗಾಂಶದಲ್ಲಿ ಮೈನಸ್ ಎಳೆ ಸಿಕ್ಕರೆ ವೈರಸ್ ಅಲ್ಲಿ ಬೆಳೆಯುತ್ತಿದೆ ಎಂದು ಹೇಳಬಹುದು. ಇಲ್ಲಿ ರ‍್ಯಾಂಡಮ್ ಪ್ರೈಮರ್ (ನಕಲು ಶುರುಮಾಡಲು ಎಲ್ಲೆಂದರಲ್ಲಿ ಅಂಟುವ ಚಿಕ್ಕ ತುಣುಕು) ಬಳಸಬಾರದು, ಅದು ಎರಡೂ ಎಳೆಗಳನ್ನು ನಕಲಿಸುತ್ತದೆ. ಸಿಡಿಎನ್‌ಎ (ಆರ್‌ಎನ್‌ಎಯಿಂದ ತೆಗೆದ ಡಿಎನ್‌ಎ ಪ್ರತಿ) ಹಂತಕ್ಕೆ ಪ್ಲಸ್ ಎಳೆಯ ಅನುಕ್ರಮವಿರುವ ಪ್ರೈಮರನ್ನೇ ಹಾಕಿ, ಅದರ 5' ತುದಿಗೆ ವೈರಸ್‌ಗೆ ಸಂಬಂಧವಿಲ್ಲದ ಸುಮಾರು 20 ನ್ಯೂಕ್ಲಿಯೊಟೈಡ್‌ಗಳ ಟ್ಯಾಗ್ ಜೋಡಿಸಿ. ಆ ಪ್ರತಿಯನ್ನು ಹಲವು ಪಟ್ಟು ಹೆಚ್ಚಿಸುವ ಪಿಸಿಆರ್‌ನಲ್ಲಿ ಒಂದು ಪ್ರೈಮರ್ ಆ ಟ್ಯಾಗ್‌ನದ್ದೇ ಇರಲಿ. ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಚಿಕೊಂಡು ಪ್ರೈಮರ್ ಇಲ್ಲದೆಯೂ ಸಿಡಿಎನ್‌ಎ ಕೊಡುತ್ತದೆ. ಟ್ಯಾಗ್ ಇಲ್ಲದ ಆ ಪ್ರತಿಗಳು ಇದರಿಂದ ಸೋಸಿಹೋಗುತ್ತವೆ. ಉಳಿದ ಟ್ಯಾಗ್ ಪ್ರೈಮರನ್ನು ಪಿಸಿಆರ್‌ಗೆ ಮೊದಲು ಕಿಣ್ವವಾದ ಎಕ್ಸೊನ್ಯೂಕ್ಲಿಯೇಸ್‌-1ರಿಂದ ತೆಗೆಯದಿದ್ದರೆ ಅದೇ ಸುಳ್ಳು ಪಾಸಿಟಿವ್ ತರುತ್ತದೆ. ಜೊತೆಗೆ, ಪ್ಲಸ್ ಎಳೆ ಮಾತ್ರ ಇರುವ ಒಂದು ನಿಯಂತ್ರಣ ಟ್ಯೂಬ್ ಇಡಿ. ಅದರಲ್ಲೂ ಸಿಗ್ನಲ್ ಬಂದರೆ ಆ ಸುತ್ತಿನ ಫಲಿತಾಂಶ ಬರೆದುಕೊಳ್ಳಬೇಡಿ.