ಸಾ, ನಮ್ ಮಣ್ಣು ಸತ್ತೋಗ್ಬುಟ್ಟದಾ?

“ಸಾ, ಇದ್ರಲ್ಲಿ ಎಷ್ಟು ಜೀವಾಣು ಅವೆ ನೋಡೇಳಿ. ಮಣ್ಣು ಸತ್ತೋಗ್ಬುಟ್ಟದಾ?” ಕೇಳುವ ರೈತರ ಕೈಯಲ್ಲೊಂದು ಮಣ್ಣು ತುಂಬಿದ ಪ್ಲಾಸ್ಟಿಕ್ ಕವರು. ಮಂಡ್ಯದ ಕಡೆ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರ ಇಲ್ಲಿ ಬರೆದಿಟ್ಟಿದ್ದೇನೆ, ಇನ್ನು ಬಾಯಿ ನೋಯಿಸಿಕೊಳ್ಳಲಾರೆ.

ಸತ್ತಿಲ್ಲ. ನಾಲೆ ನೀರು ನಿಂತ ಗದ್ದೆಯಲ್ಲಿ ಕೊಳೆತ ಮೊಟ್ಟೆ ವಾಸನೆ ಬಂದರೂ ಸತ್ತಿಲ್ಲ. ಗಾಳಿಯಾಡದ ಕೆಸರಿನಲ್ಲಿ ಆಮ್ಲಜನಕದ ಬದಲು ಸಲ್ಫೇಟನ್ನೇ ಬಳಸಿ ಬದುಕುವ ಬ್ಯಾಕ್ಟೀರಿಯಾಗಳಿವೆ, ಅವು ಬಿಡುವ ಹೈಡ್ರೋಜನ್ ಸಲ್ಫೈಡ್ ಅದು.

“ಎಷ್ಟು ಅವೆ” ಅನ್ನುವುದು ಕವರು ನೋಡಿ ಹೇಳುವ ಕಣಿಯಲ್ಲ. 10 ಗ್ರಾಂ ಮಣ್ಣನ್ನು ಕ್ರಿಮಿಶುದ್ಧ ಮಾಡಿದ 90 ಮಿ.ಲೀ. ನೀರಿನಲ್ಲಿ ಕದಡಬೇಕು. ಅದರಿಂದ 1 ಮಿ.ಲೀ. ತೆಗೆದು 9 ಮಿ.ಲೀ. ನೀರಿಗೆ, ಅದರಿಂದ ಮತ್ತೆ 1 ತೆಗೆದು 9ಕ್ಕೆ, ಹೀಗೆ ಲಕ್ಷ ಪಾಲು ತೆಳುವಾಗುವ ತನಕ. ಕೊನೆಯದರಲ್ಲಿ 0.1 ಮಿ.ಲೀ. ಅಗರ್ ತಟ್ಟೆಗೆ (ಜೀವಾಣು ಬೆಳೆಸುವ ಗಟ್ಟಿ ಗಂಜಿಯಂಥ ಆಹಾರದ ತಟ್ಟೆ) ಸವರಿ 28–30 ಡಿಗ್ರಿಯಲ್ಲಿಟ್ಟಾಗ 60 ಚುಕ್ಕಿ (ಒಂದು ಚುಕ್ಕಿ ಅಂದರೆ ಒಂದು ಜೀವಾಣು ಬೆಳೆದು ಗುಂಪಾದದ್ದು ಅಂತ ಲೆಕ್ಕ) ಎದ್ದರೆ, ಗ್ರಾಂಗೆ 6 ಕೋಟಿ. ಚುಕ್ಕಿ 30ಕ್ಕಿಂತ ಕಡಿಮೆಯೋ 300ಕ್ಕಿಂತ ಹೆಚ್ಚೋ ಆದರೆ ಆ ತಟ್ಟೆ ಲೆಕ್ಕಕ್ಕಿಲ್ಲ. ಕೋಟಿ ಅಂದ ಕೂಡಲೇ ಮುಖ ಅರಳುತ್ತದೆ. ತಟ್ಟೆಯಲ್ಲಿ ಬೆಳೆಯುವುದೇ ನೂರಕ್ಕೆ ಒಂದು, ಅಥವಾ ಅದಕ್ಕೂ ಕಡಿಮೆ, ಅಂದರೆ ನಂಬುವುದಿಲ್ಲ.

ಇನ್ನು ಆ ಕವರು. ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಪರೀಕ್ಷೆಗೆ ಮಣ್ಣನ್ನು ನೆರಳಲ್ಲಿ ಒಣಗಿಸಿ ಜರಡಿ ಹಿಡಿದು ಕೊಡಿ ಅಂತ ಹೇಳಿಕೊಟ್ಟಿರುತ್ತಾರೆ, ಇಲ್ಲಿಗೂ ಹಾಗೇ ತರುತ್ತಾರೆ. ಒಣಗಿಸಿದರೆ ನಮ್ಮ ಲೆಕ್ಕ ಕೆಟ್ಟಿತು. ಹಸಿಯಾಗಿ ತಂದವರು ಸ್ಕೂಟರ್ ಡಿಕ್ಕಿಯಲ್ಲಿ ಬೇಯಿಸಿ ತಂದಿರುತ್ತಾರೆ. ಸ್ಪಿರಿಟ್‌ನಲ್ಲಿ ಒರೆಸಿದ ಗುದ್ದಲಿಯಿಂದ, ಬೇರು ಹಬ್ಬಿರುವ 15 ಸೆಂ.ಮೀ. ಆಳದಲ್ಲಿ, ಐದಾರು ಜಾಗದಿಂದ ತೆಗೆದು ಬೆರೆಸಿ, ಐಸ್ ಡಬ್ಬಿಯಲ್ಲಿಟ್ಟು ಅವತ್ತೇ ತನ್ನಿ.

ಅಷ್ಟು ಮಾಡಿ ಬಂದ ಸಂಖ್ಯೆಯಿಂದ ನಿಮಗೇನು ಪ್ರಯೋಜನ? ಕೇಳಬೇಕಾದ್ದು ಬೇರೆ ಇದೆ: ಕಬ್ಬಿನ ತರಗು ಸುಡದೆ ಹೊದಿಸಿದರೆ ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಯಾಕೆ ಹಳದಿ ತಿರುಗುತ್ತದೆ? ಇದನ್ನು ಯಾರೂ ಕೇಳಲ್ಲ. “ಹೊದಿಸಿ ಕೆಟ್ಟೆ” ಅಂದುಕೊಂಡು ಮುಂದಿನ ವರ್ಷ ಕಡ್ಡಿ ಗೀರುತ್ತಾರೆ.

ತರಗಿನಲ್ಲಿ ಇಂಗಾಲ ಸುಮಾರು 100 ಪಾಲಾದರೆ ಸಾರಜನಕ 1 ಪಾಲು. ಸೂಕ್ಷ್ಮಜೀವಿಯ ಮೈಯಲ್ಲಿ ಅದೇ ಲೆಕ್ಕ ಹೆಚ್ಚುಕಮ್ಮಿ 8ಕ್ಕೆ 1. ತರಗು ತಿನ್ನಲು ಕೂತ ಜೀವಿಗೆ ಸಾರಜನಕ ಸಾಲದು, ಮಣ್ಣಿನಲ್ಲಿರುವುದನ್ನು ಎಳೆದುಕೊಳ್ಳುತ್ತದೆ, ಕೂಳೆ ಉಪವಾಸ ಬೀಳುತ್ತದೆ. ಕೊಳೆತು ಕೊಳೆತು ಅನುಪಾತ 25ರ ಹತ್ತಿರ ಇಳಿದ ಮೇಲೆ ಎಳೆದದ್ದು ಮೆಲ್ಲಗೆ ವಾಪಸ್ ಬರುತ್ತದೆ. ಅಲ್ಲಿಯತನಕ ಯೂರಿಯಾ ಸ್ವಲ್ಪ ಮುಂಚಿತವಾಗಿ ಕೊಡಬೇಕು. ತರಗಿನ ಮೇಲೆ ಮಾತ್ರ ಎರಚಬೇಡಿ, ಅಲ್ಲಿರುವ ಯೂರಿಯೇಸ್ ಕಿಣ್ವ ಅದನ್ನು ಅಮೋನಿಯಾ ಮಾಡಿ ಗಾಳಿಗೆ ಬಿಡುತ್ತದೆ. ತರಗು ಸರಿಸಿ, ಬುಡದ ಪಕ್ಕ ಮಣ್ಣಲ್ಲಿ ಮುಚ್ಚಿ ನೀರು ಕಟ್ಟಿ. ಮಾರನೇ ದಿನ ಸಾಲಿನಲ್ಲಿ ಮೂಗಿಗೆ ಘಾಟು ಹೊಡೆದರೆ, ಸರಿಯಾಗಿ ಮುಚ್ಚಿಲ್ಲ ಅಂತ ತಿಳಿಯಿರಿ.